ಸಂಜೆ ಏಳಕ್ಕೆ ನಡುಗುವ ಮುಸ್ತಫಾ: ಮನೆಯ ಆರ್ಕೇಡ್ ಪೆಟ್ಟಿಗೆಯ ಪರದೆ ಕೆಟ್ಟ ಒಂದು ಪ್ರಕರಣ

ಈ ಯಂತ್ರ ಒಂದು ಕಾಲಕ್ಕೆ ಬಸ್ ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿತ್ತು. ಪ್ಲೈವುಡ್ ಪೆಟ್ಟಿಗೆ, ಅಂಚು ಎದ್ದ ಸನ್‌ಮೈಕಾ, ಒಂದು ರೂಪಾಯಿ ನಾಣ್ಯ ನುಂಗುವ ಸಂದು, ಸಿಗರೇಟಿನ ಬೆಂಕಿ ತಾಗಿ ಕರಗಿದ ಒಂದು ಗುಂಡಿ. ಅಂಗಡಿ ಮುಚ್ಚಿದ ಮೇಲೆ ಯಾರದೋ ಗೋದಾಮಿನಲ್ಲಿ ವರ್ಷಗಟ್ಟಲೆ ಅಡಿಕೆ ಚೀಲಗಳ ಹಿಂದೆ ನಿಂತಿತ್ತು. ಈಗ ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ, ಮನೆಯೊಂದರ ಮಹಡಿ ಕೋಣೆಯಲ್ಲಿದೆ. ಅದರ ಒಡೆಯರನ್ನು ಇಲ್ಲಿ ಮೇಷ್ಟ್ರು ಅನ್ನುತ್ತೇನೆ, ಅವರು ಮೇಷ್ಟ್ರಲ್ಲ. ಊರು, ಉದ್ಯೋಗ, ಮನೆಯವರ ಗುರುತು ಎಲ್ಲವನ್ನೂ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಂತೆಯೇ ಕೊಟ್ಟಿದ್ದೇನೆ.

ಆಟ ಅಡಗಿರುವ ಸರ್ಕ್ಯೂಟ್ ಬೋರ್ಡು ಯಾವುದು ಎಂದು ಕೇಳಬೇಕಾಗಿಯೇ ಇಲ್ಲ. 1993ರಲ್ಲಿ ಕ್ಯಾಪ್‌ಕಾಮ್ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಆಟದ ಕಾಪಿ ಬೋರ್ಡು. ಆ ಇಂಗ್ಲಿಷ್ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ನಾಲ್ವರು ನಾಯಕರಲ್ಲಿ ಒಬ್ಬನ ಹೆಸರೇ ಇಡೀ ಆಟದ ಹೆಸರಾಯಿತು: ಮುಸ್ತಫಾ. ಮೇಷ್ಟ್ರು ಎಂಟನೇ ಕ್ಲಾಸಿನಲ್ಲಿ ಹಾಲಿನ ಚಿಲ್ಲರೆ ಉಳಿಸಿ ಆಡಿದ ಆಟ ಅದು. ಈಗ ಮಗಳ ಜೊತೆ ಆಡಬೇಕೆಂದು ತಂದಿದ್ದರು. ಆಯುಧಪೂಜೆಯ ಕುಂಕುಮ ಇನ್ನೂ ಜಾಯ್‌ಸ್ಟಿಕ್ಕಿನ ಬುಡದಲ್ಲಿತ್ತು.

ಪೆಟ್ಟಿಗೆಯ ಹೊಟ್ಟೆ

ಹಿಂಬದಿ ಬಾಗಿಲು ತೆಗೆದರೆ ಒಳಗೆ ಇರುವುದು ನಾಲ್ಕೇ ಸಾಮಾನು. ಗೇಮ್ ಬೋರ್ಡು, ಅದಕ್ಕೆ 5 ಮತ್ತು 12 ವೋಲ್ಟ್ ಕೊಡುವ ಪವರ್ ಸಪ್ಲೈ ಆದ ಎಸ್‌ಎಂಪಿಎಸ್, ಎಲ್ಲವನ್ನೂ ಜೋಡಿಸುವ ವೈರಿನ ಗೊಂಚಲು, ಮತ್ತು ಪರದೆ. ಗೊಂಚಲು ಜಾಮಾ ಪದ್ಧತಿಯದು. ಜಪಾನಿನ ಆಟಯಂತ್ರ ತಯಾರಕರ ಸಂಘ 1985ರಲ್ಲಿ ಗೊತ್ತುಮಾಡಿದ 56 ಪಿನ್ನಿನ ಜೋಡಣೆ ಅದು. ಬೋರ್ಡನ್ನು ಎಳೆದು ಇನ್ನೊಂದು ಆಟದ ಬೋರ್ಡು ತುರುಕಿದರೆ ಹೊಸ ಆಟ ಸಿದ್ಧ. ಅಂಗಡಿಯವರು ತಿಂಗಳಿಗೊಂದು ಆಟ ಬದಲಿಸುತ್ತಿದ್ದದ್ದು ಹೀಗೆ.

ಪರದೆ ಮಾತ್ರ ಆರ್ಕೇಡಿಗೆಂದು ಮಾಡಿದ ಮಾನಿಟರ್ ಆಗಿರಲಿಲ್ಲ, 20 ಇಂಚಿನ ಮಾಮೂಲಿ ಕಲರ್ ಟೀವಿಯ ಟ್ಯೂಬು ಮತ್ತು ಚಾಸಿ, ಅಂದರೆ ಟ್ಯೂಬನ್ನು ನಡೆಸುವ ಸರ್ಕ್ಯೂಟು. ಅಂಗಡಿಯ ಕಾಲದ ಯಾವನೋ ಜಾಣ ಮೆಕ್ಯಾನಿಕ್ ಬೋರ್ಡಿನ ಕೆಂಪು, ಹಸಿರು, ನೀಲಿ ವೈರುಗಳನ್ನು ರೆಸಿಸ್ಟರ್ ಮೂಲಕ ತಗ್ಗಿಸಿ ಚಾಸಿಗೆ ಕೊಟ್ಟಿದ್ದ. ಇದು ಸಾಧ್ಯವಾದದ್ದಕ್ಕೆ ಕಾರಣವಿದೆ. ಟೀವಿಯ ಟ್ಯೂಬು ಸೆಕೆಂಡಿಗೆ 15,625 ಅಡ್ಡಗೆರೆ ಎಳೆಯುತ್ತದೆ; ಆ ಕಾಲದ ಗೇಮ್ ಬೋರ್ಡುಗಳದ್ದೂ ಅದರ ಆಸುಪಾಸಿನ ಲೆಕ್ಕವೇ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ನಮ್ಮ ಟೀವಿ ಪ್ರಸಾರ ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಗೆ ಇಳಿದರೆ ಈ ಬೋರ್ಡು ಸುಮಾರು 59.6 ಸಲ ಇಳಿಯುತ್ತದೆ. ಈ ಒಂಬತ್ತು ಚಿಲ್ಲರೆಯ ಅಂತರ ಮುಂದೆ ನನ್ನನ್ನು ಎರಡು ವಾರ ಅಲೆದಾಡಿಸಿತು.

ದೂರು

ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಇಷ್ಟೇ: “ಡಿಸ್‌ಪ್ಲೇ ಸರಿ ಇಲ್ಲ.” ಹೋಗಿ ಕೇಳಿದಾಗ ಒಂದಲ್ಲ, ಮೂರು ದೂರು ಹೊರಬಂದವು. ಒಂದು, ಚಿತ್ರದ ಎಡ ಬಲ ಅಂಚುಗಳು ನಡುಗುತ್ತವೆ, ಉರಿಬಿಸಿಲಲ್ಲಿ ಟಾರು ರಸ್ತೆಯ ಮೇಲಿನ ಗಾಳಿ ಅಲುಗಿದ ಹಾಗೆ. ನಡುಕ ಜೋರಾದಾಗ ಅಕ್ಷರಗಳು ಜೋಡಿಯಾಗಿ ಕಾಣುತ್ತವೆ. ಎರಡು, ಆಟದ ನಡುವೆ ಒಮ್ಮೊಮ್ಮೆ ಎಲ್ಲ ಹೋಗಿ ಮೊದಲಿನಿಂದ ಶುರುವಾಗುತ್ತದೆ. ಮೂರು, ಕೆಳಗಿನ ಎಡಮೂಲೆಯಲ್ಲಿ ಬಳ್ಳಾರಿ ಈರುಳ್ಳಿ ಬಣ್ಣದ ಒಂದು ಕಲೆ.

ಮೂರಕ್ಕೂ ಒಂದೇ ಬೇರು ಇದೆ ಎಂದುಕೊಂಡದ್ದು ನನ್ನ ಮೊದಲ ತಪ್ಪು. ಒಂದೇ ಪೆಟ್ಟಿಗೆ, ಒಂದೇ ಪರದೆ, ಹಾಗಾಗಿ ಒಂದೇ ರೋಗ ಎಂದು ಮನಸ್ಸು ತಾನೇ ಲೆಕ್ಕ ಹಾಕಿಬಿಡುತ್ತದೆ. ಆಮೇಲೆ ನೋಡಿದರೆ ಮೂರೂ ಬೇರೆ ಬೇರೆ ಕಾಯಿಲೆ. ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ರೀಸೆಟ್ ಆಗುವುದು ಅರ್ಧ ಗಂಟೆಯಲ್ಲಿ ಸರಿಹೋಯಿತು. ಎಸ್‌ಎಂಪಿಎಸ್ ತುದಿಯಲ್ಲಿ ಅಳೆದರೆ 5.05 ವೋಲ್ಟ್, ಬೋರ್ಡಿನ ಮೇಲೆ, ಚಿಪ್ಪಿನ ಕಾಲಿನಲ್ಲಿ ಅಳೆದರೆ 4.68. ನಡುವಿನದ್ದನ್ನು ಹಸಿರುಗಟ್ಟಿದ ಕನೆಕ್ಟರ್ ತಿನ್ನುತ್ತಿತ್ತು. ಇಂಥಲ್ಲಿ ಎಸ್‌ಎಂಪಿಎಸ್‌ನ ಸಣ್ಣ ತಿರುಪು ತಿರುಗಿಸಿ ವೋಲ್ಟೇಜ್ ಏರಿಸುವವರಿದ್ದಾರೆ. ಕನೆಕ್ಟರ್ ಯಾವತ್ತೋ ಒಂದು ದಿನ ಚೆನ್ನಾಗಿ ಕಚ್ಚಿಕೊಂಡರೆ ಅಷ್ಟೂ ವೋಲ್ಟೇಜ್ ಬೋರ್ಡಿಗೆ ಹೋಗುತ್ತದೆ, ಚಿಪ್ಪು ಹಾಳಾಗಬಹುದು. ನಾವು ಬೋರ್ಡಿನ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಒರೆಸಿ, ಹೆಣ್ಣು ಕನೆಕ್ಟರಿನ ಸಡಿಲ ಎಲೆಗಳನ್ನು ಸೂಜಿಯಿಂದ ಎತ್ತಿದೆವು. 4.97ಕ್ಕೆ ಬಂತು. ಆ ದಿನದಿಂದ ಆಟ ಮಧ್ಯದಲ್ಲಿ ಸತ್ತಿಲ್ಲ.

ನಡುಕ ಹಾಗೇ ಉಳಿಯಿತು.

ಎರಡು ಭಾನುವಾರ

ಪರದೆ ನಡುಗಿದರೆ ಮೊದಲ ಅನುಮಾನ ಸಿಂಕ್ ಮೇಲೆ. ಗೆರೆ ಎಲ್ಲಿ ಶುರುವಾಗಬೇಕು ಎಂದು ಬೋರ್ಡು ಟೀವಿಗೆ ಹೇಳುವ ಸಂಕೇತ ಅದು. ಸಿಂಕ್ ವೈರನ್ನು ಬದಲಿಸಿದೆ. ವಿಡಿಯೋ ಗ್ರೌಂಡಿಗೆ ದಪ್ಪದ ಬೇರೆ ವೈರು ಎಳೆದೆ. ಸ್ಪೀಕರಿನ ವೈರನ್ನು ವಿಡಿಯೋ ವೈರಿನಿಂದ ದೂರ ಕಟ್ಟಿದೆ. ಪ್ರತಿ ಸಲ ಒಂದಿಷ್ಟು ವಾಸಿ ಅನ್ನಿಸುತ್ತಿತ್ತು, ಮೇಷ್ಟ್ರು ಚಹಾ ತರಿಸುತ್ತಿದ್ದರು, ನಾನು ಬೆಂಗಳೂರಿನ ಬಸ್ಸು ಹತ್ತುತ್ತಿದ್ದೆ. ರಾತ್ರಿ ಎಂಟರ ಹೊತ್ತಿಗೆ ಫೋನು: “ಮತ್ತೆ ಶುರುವಾಯ್ತು ಕಣ್ರೀ.”

ಈ ನಡುವೆ ಚಾಸಿಯ ಹೈಟ್ ಪ್ರಿಸೆಟ್ಟನ್ನೂ, ಚಿತ್ರದ ಎತ್ತರ ಹೊಂದಿಸುವ ತಿರುಪನ್ನು, ತಿರುಗಿಸಿದ್ದೆ. ಮೊದಲಿನ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿಕೊಂಡಿರಲಿಲ್ಲ. ಚಿತ್ರವನ್ನು ಹಿಂದಿನ ಅಳತೆಗೆ ತರಲು ಮುಕ್ಕಾಲು ಗಂಟೆ ಹಿಡಿಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಬೇಕಾದದ್ದು.

ಪವರ್ ಸಪ್ಲೈಯ ವೋಲ್ಟೇಜಿನಲ್ಲಿ ಉಳಿಯುವ ಏರಿಳಿತದ ಅಲೆ, ಮೆಕ್ಯಾನಿಕ್ಕುಗಳ ಮಾತಿನಲ್ಲಿ ‘ಹಮ್’, ನನ್ನ ಪಟ್ಟಿಯಲ್ಲಿ ಇರಲಿಲ್ಲ ಎಂದಲ್ಲ. ಇತ್ತು, ಆದರೆ ನಾನೇ ಅದನ್ನು ಹೊಡೆದುಹಾಕಿದ್ದೆ. ಆರ್ಕೇಡ್ ರಿಪೇರಿಯ ಕೈಪಿಡಿಗಳು ಹೆಚ್ಚಿನವು ಅಮೆರಿಕದವು. ಅವುಗಳಲ್ಲಿ ಹಮ್ಮಿನ ಲಕ್ಷಣ ಒಂದೇ ರೀತಿ ಬರೆದಿರುತ್ತದೆ: ಚಿತ್ರದ ಮೇಲೆ ಒಂದು ಬಾಗು ಅಥವಾ ಮಸುಕು ಪಟ್ಟಿ ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಜಾರುತ್ತಿರುತ್ತದೆ. ನಮ್ಮ ಪರದೆಯಲ್ಲಿ ಜಾರುವ ಪಟ್ಟಿಯೇ ಇಲ್ಲ, ಬರೀ ನಡುಕ. ಹಾಗಾಗಿ ಹಮ್ ಅಲ್ಲ ಎಂದು ತೀರ್ಮಾನ ಕೊಟ್ಟು ಮುಂದೆ ಹೋಗಿದ್ದೆ. ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದ ತೀರ್ಮಾನ ಅದೇ.

ಮಧ್ಯಾಹ್ನದ ಸಾಕ್ಷಿ

ಮೂರನೇ ಸಲ ಹೋದಾಗ ಮೇಷ್ಟ್ರ ತಾಳ್ಮೆ ತೀರಿತ್ತು. ಅವರ ಭಾಮೈದ ಒಂದು ಹಳೇ ಎಲ್‌ಸಿಡಿ ಮಾನಿಟರ್ ತಂದಿಟ್ಟಿದ್ದ. “ಇದನ್ನು ಹಾಕಿಬಿಡಿ ಭಾವ, ಆ ಡಬ್ಬಾ ತೆಗೆದು ಗುಜರಿಗೆ ಕೊಡಿ.” ಕಂಪ್ಯೂಟರಿನ ಎಲ್‌ಸಿಡಿ ಸಾಮಾನ್ಯವಾಗಿ ಸೆಕೆಂಡಿಗೆ 31 ಸಾವಿರಕ್ಕೂ ಮೇಲ್ಪಟ್ಟ ಗೆರೆಗಳನ್ನು ನಿರೀಕ್ಷಿಸುತ್ತದೆ, 15 ಸಾವಿರ ಚಿಲ್ಲರೆ ಕೊಟ್ಟರೆ ಕಪ್ಪು ಪರದೆಯೇ ಗತಿ. ಅದಕ್ಕೆ ನಡುವೆ ಒಂದು ಕನ್ವರ್ಟರ್ ಬೋರ್ಡು ಹಾಕಿದೆವು. ಚಿತ್ರ ಬಂತು. ಬಂಡೆಯ ಹಾಗೆ ಅಲುಗದೆ ನಿಂತಿತು.

“ನೋಡಿದ್ರಾ? ಗೇಮ್ ಬೋರ್ಡ್ ಚೆನ್ನಾಗಿದೆ, ಟೀವಿನೇ ಹೋಗಿದೆ,” ಎಂದು ಭಾಮೈದ ಗೆದ್ದ. ನಾನೂ ತಲೆಯಾಡಿಸಿದೆ. ತೀರ್ಪು ಸರಿಯಾಗಿಯೇ ಇತ್ತು, ಸಾಕ್ಷಿ ಮಾತ್ರ ಸುಳ್ಳು. ಆಗ ಮಧ್ಯಾಹ್ನ ಒಂದೂವರೆ. ಆ ಹೊತ್ತಿಗೆ ಟೀವಿಯ ಟ್ಯೂಬೂ ನಡುಗುತ್ತಿರಲಿಲ್ಲ. ರೋಗ ಇಲ್ಲದ ಹೊತ್ತಿನಲ್ಲಿ ಎರಡನ್ನು ಹೋಲಿಸಿ ಒಂದಕ್ಕೆ ರೋಗವಿದೆ ಎಂದು ಬರೆದುಕೊಂಡಿದ್ದೆ.

ಎಲ್‌ಸಿಡಿಯನ್ನು ಕೆಡಿಸಿದವಳೂ ಹಳೇ ಟೀವಿಯನ್ನು ಉಳಿಸಿದವಳೂ ಮಗಳು. ಹನ್ನೊಂದು ವರ್ಷದ ಹುಡುಗಿ. ಹತ್ತು ನಿಮಿಷ ಆಡಿ, “ಅಪ್ಪ, ಗುಂಡಿ ಒತ್ತಿದ ಮೇಲೆ ಮುಸ್ತಫಾ ಯೋಚನೆ ಮಾಡ್ತಾನೆ” ಅಂದಳು. ಕನ್ವರ್ಟರ್ ಒಂದು ಚಿತ್ರವನ್ನು ಪೂರ್ತಿ ಹಿಡಿದಿಟ್ಟುಕೊಂಡು ಆಮೇಲೆ ಬಿಡುವ ಜಾತಿಯದಾದರೆ ಅಲ್ಲೇ ಹದಿನಾರು ಹದಿನೇಳು ಮಿಲಿಸೆಕೆಂಡ್ ಹೋಯಿತು. ಎಲ್‌ಸಿಡಿ ತನ್ನ ಪಾಲು ಸೇರಿಸುತ್ತದೆ. ದೊಡ್ಡವರಿಗೆ ಗೊತ್ತಾಗದೆ ಇರಬಹುದು, ಕೈ ಪಳಗಿದ ಮಕ್ಕಳಿಗೆ ಗೊತ್ತಾಗುತ್ತದೆ. ಮೇಷ್ಟ್ರು ತಾವೂ ಆಡಿ ನೋಡಿ ಎಲ್‌ಸಿಡಿಯನ್ನು ಭಾಮೈದನಿಗೇ ಕಟ್ಟಿಕೊಟ್ಟರು.

ಹೋಗುವಾಗ ಅದೇ ಹುಡುಗಿ ಇನ್ನೊಂದು ಮಾತು ಹೇಳಿದಳು. ಯಾರೂ ಅವಳನ್ನು ಕೇಳಿರಲಿಲ್ಲ. “ಪಕ್ಕದ ಮನೆ ಬೋರ್ ಮೋಟಾರ್ ಹಾಕಿದಾಗ್ಲೇ ಜಾಸ್ತಿ ನಡುಗೋದು ಅಂಕಲ್.”

ಬೋರ್ ಮೋಟಾರ್

ಇಷ್ಟು ದಿನಗಳಲ್ಲಿ ನಾನು ವೈರು ಅಳೆದಿದ್ದೆ, ಬೋರ್ಡು ಅಳೆದಿದ್ದೆ, ಗೋಡೆಯ ಪ್ಲಗ್ಗನ್ನು ಅಳೆದಿರಲಿಲ್ಲ. ಆ ರಾತ್ರಿ ಉಳಿದುಕೊಂಡೆ. ಮಧ್ಯಾಹ್ನ 228 ವೋಲ್ಟ್ ಇದ್ದದ್ದು ಸಂಜೆ ಆರಕ್ಕೆ 206, ಏಳಕ್ಕೆ 191. ಪಕ್ಕದ ಮನೆಯ ಮೋಟಾರ್ ಗುಂಯ್ ಎಂದ ಕೂಡಲೇ 182. ಪರದೆಯ ಅಂಚು ಆಗಲೇ ಕುಣಿಯತೊಡಗಿತು. ಮೋಟಾರ್ ನಿಂತಾಗ ಕುಣಿತವೂ ಕಡಿಮೆ. ಮೇಷ್ಟ್ರು ಇಷ್ಟು ದಿನ ಹೇಳುತ್ತಿದ್ದದ್ದು “ಅರ್ಧ ಗಂಟೆ ಆಡಿದ ಮೇಲೆ ಬಿಸಿಯಾಗಿ ನಡುಗುತ್ತೆ” ಎಂದು. ಬಿಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅವರು ಕಚೇರಿಯಿಂದ ಬಂದು ಆರೂವರೆಗೆ ಆಟ ಶುರು ಮಾಡುತ್ತಿದ್ದರು, ಅರ್ಧ ಗಂಟೆಗೆ ಊರಿನ ದೀಪಗಳೆಲ್ಲ ಹತ್ತುತ್ತಿದ್ದವು.

ಮನೆಯಲ್ಲಿ ಹಳೇ ಫ್ರಿಜ್ಜಿನ ಸ್ಟೆಬಿಲೈಸರ್ ಇತ್ತು. ಅದರ ಮೂಲಕ ಕೊಟ್ಟಾಗ ನಡುಕ ಮುಕ್ಕಾಲು ಪಾಲು ಇಳಿಯಿತು. ಮೇಷ್ಟ್ರಿಗೆ ಇಷ್ಟು ಸಾಕಿತ್ತು. ನನಗೂ ಸಾಕು ಅನ್ನಿಸಿದ್ದು ನಿಜ; ಬೆಳಗಿನ ಬಸ್ಸಿಗೆ ಸೀಟು ಬೇರೆ ಹಿಡಿದಿತ್ತು. ಆದರೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಅದೇ ಮನೆಯ ಕೆಳಗಿನ ಹಾಲಿನಲ್ಲಿ ಅದೇ ಕಾಲದ ಇನ್ನೊಂದು ಟ್ಯೂಬ್ ಟೀವಿ ಇತ್ತು. 182 ವೋಲ್ಟಿಗೆ ಅದು ನಡುಗುತ್ತಿರಲಿಲ್ಲ. ಟೀವಿಯ ಎಸ್‌ಎಂಪಿಎಸ್ 182 ವೋಲ್ಟಿನಲ್ಲೂ ನಿಭಾಯಿಸಬೇಕು, ನಿಭಾಯಿಸುವಂತೆಯೇ ಮಾಡಿರುತ್ತಾರೆ. ಇದು ಏಕೆ ಸೋಲುತ್ತಿದೆ?

ಊರಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಟೀವಿ ಮೆಕ್ಯಾನಿಕ್ ಇದ್ದರು. ಅಂಗಡಿ ಮುಚ್ಚಿ ವರ್ಷಗಳಾಗಿವೆ, ಮಕ್ಕಳೆಲ್ಲ ಅವರನ್ನು ಟೀವಿ ಅಜ್ಜ ಅನ್ನುತ್ತಾರೆ. ಮೇಷ್ಟ್ರು ಹೋಗಿ ಕರೆತಂದರು. ಅಜ್ಜ ಕೈಯಲ್ಲಿ ಮೀಟರ್ ಹಿಡಿಯಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಐದು ನಿಮಿಷ ಸುಮ್ಮನೆ ಕೂತರು. ಆಮೇಲೆ ಕೇಳಿದ್ದು: “ಸರ, ಇದಕ್ಕ ಡಿವಿಡಿ ಕೊಟ್ಟು ನೋಡೀರೇನು?”

ನಡುಕ ನಿಂತಿತು, ಬಾಗು ಉಳಿಯಿತು

ಚಾಸಿಯ ಹಿಂದೆ ಎವಿ ಸಾಕೆಟ್ ಇನ್ನೂ ಇತ್ತು. ಕೆಳಗಿನಿಂದ ಡಿವಿಡಿ ಪ್ಲೇಯರ್ ತಂದು ಜೋಡಿಸಿದೆವು. ಮೋಟಾರ್ ಓಡುತ್ತಿತ್ತು, ಪ್ಲಗ್ಗಿನಲ್ಲಿ 184. ಯಾವುದೋ ಮದುವೆಯ ಡಿಸ್ಕು. ಮದುಮಗಳ ಮುಖ ಒಂದಿಷ್ಟೂ ನಡುಗಲಿಲ್ಲ. ಆದರೆ ಮಂಟಪದ ನೇರ ಕಂಬ ಮೇಲೊಂದು ಕಡೆ, ಕೆಳಗೊಂದು ಕಡೆ, ಎರಡು ಕಡೆ ಹಾವಿನಂತೆ ಬಾಗಿತ್ತು. ಆ ಬಾಗು ನೋಡುತ್ತ ಕೂತರೆ ಇರುವೆ ನಡೆದ ಹಾಗೆ ಅತಿ ನಿಧಾನವಾಗಿ ಮೇಲಕ್ಕೆ ಜಾರುತ್ತಿತ್ತು.

ಅಮೆರಿಕದ ಪುಸ್ತಕದಲ್ಲಿದ್ದ ಲಕ್ಷಣ ಅಕ್ಷರಶಃ ಅದೇ.

ಆಗ ತಲೆಯೊಳಗೆ ದೀಪ ಹತ್ತಿತು. ಗೋಡೆಯ ಎಸಿ ಕರೆಂಟನ್ನು ಬ್ರಿಜ್ ಡಯೋಡು ಡಿಸಿ ಮಾಡಿದ ಮೇಲೆ ಉಳಿಯುವ ಅಲೆ ಅದರ ಇಮ್ಮಡಿ ವೇಗದ್ದು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅಲೆ 120. ಚಿತ್ರ ಸೆಕೆಂಡಿಗೆ 59.6 ಸಲ ಇಳಿಯುತ್ತದೆ, ಅದರ ಇಮ್ಮಡಿ 119.2. ಎರಡರ ಅಂತರ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ, ಹಾಗಾಗಿ ಬಾಗು ಸಾವಕಾಶವಾಗಿ ಜಾರುವುದು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಕರೆಂಟು 50, ಅಲೆ 100. ಅದೇ ಬೋರ್ಡಿನ 119.2ಕ್ಕೂ 100ಕ್ಕೂ ಅಂತರ 19. ಬಾಗು ಸೆಕೆಂಡಿಗೆ ಹತ್ತೊಂಬತ್ತು ಸಲ ಜಾಗ ಬದಲಿಸಿದರೆ ಅದು ಜಾರುತ್ತಿದೆ ಎಂದು ಯಾವ ಕಣ್ಣೂ ಹೇಳಲಾರದು. ನಡುಗುತ್ತಿದೆ ಎಂದೇ ಹೇಳುತ್ತದೆ. ಡಿವಿಡಿಯ ಚಿತ್ರ ನಮ್ಮ ಟೀವಿಗಳ ಪಾಲ್ ಪದ್ಧತಿಯದು, ಸೆಕೆಂಡಿಗೆ 50 ಸಲ ಇಳಿಯುವುದರಿಂದ ಅಲೆಯ ಜೊತೆ ಹೆಜ್ಜೆ ಕೂಡಿ ಬಾಗು ನಿಂತುಕೊಂಡಿತು. ಗ್ರಿಡ್ಡಿನ 50 ಕರಾರುವಾಕ್ಕಾಗಿ 50 ಇರುವುದಿಲ್ಲವಾದ್ದರಿಂದ ಆ ಇರುವೆ ನಡಿಗೆ.

ಒಂದೇ ರೋಗ, ಆ ದೇಶದಲ್ಲಿ ಒಂದು ಮುಖ, ನಮ್ಮಲ್ಲಿ ಇನ್ನೊಂದು. ಅಜ್ಜನಿಗೆ ಈ ಗುಣಾಕಾರ ಬೇಕಿರಲಿಲ್ಲ. ಗೇಮ್ ಅಂಗಡಿಗಳಿಗೆ ಟೀವಿ ರಿಪೇರಿ ಮಾಡಿದ ಕಾಲದಲ್ಲಿ ಅವರು ಕಂಡುಕೊಂಡಿದ್ದು ಇಷ್ಟು: “ಗೇಮ್‌ನ್ಯಾಗ ನಡುಗಿ, ಸಿನಿಮಾದಾಗ ಬಾಗಿದ್ರ, ದೊಡ್ಡ ಕಂಡೆನ್ಸರ್ ಒಣಗೇದ ಅಂತ ತಿಳೀರಿ.” ಕಂಡೆನ್ಸರ್ ಅಂದರೆ ಕೆಪಾಸಿಟರ್, ಕರೆಂಟು ತುಂಬಿಟ್ಟುಕೊಂಡು ಆ ಅಲೆಯನ್ನು ತಗ್ಗಿಸುವ ಭಾಗ.

ಮೀಟರ್ ಮುಚ್ಚಿಟ್ಟದ್ದು

ಚಾಸಿಯ ಮುಖ್ಯ ವೋಲ್ಟೇಜನ್ನು, ಬಿ ಪ್ಲಸ್ ಅನ್ನುವುದನ್ನು, ನಾನು ಮೊದಲ ದಿನವೇ ನೋಡಿದ್ದೆ. ಬೋರ್ಡಿನ ಮೇಲೆ 110 ಎಂದು ಅಚ್ಚಾಗಿತ್ತು, ಮೀಟರಿನಲ್ಲಿ 110 ಇತ್ತು, ಟಿಕ್ ಹಾಕಿದ್ದೆ. ಈಗ ಮೋಟಾರ್ ಓಡುವಾಗ ಅಳೆದರೆ 107. ಇದರಲ್ಲೂ ಹೆದರಿಸುವಂಥದ್ದೇನೂ ಇಲ್ಲ. ಡಿಸಿಯಲ್ಲಿಟ್ಟ ಮೀಟರ್ ಏರಿಳಿತವನ್ನೆಲ್ಲ ಸರಾಸರಿ ಮಾಡಿ ಒಂದು ಅಂಕಿ ತೋರಿಸುತ್ತದೆ. ಮೀಟರನ್ನು ಎಸಿಗೆ ತಿರುಗಿಸಿ, ಡಿಸಿಯನ್ನು ತಡೆಯಲು ನಡುವೆ 630 ವೋಲ್ಟಿನ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ ಅಳೆದಾಗ ಗುಟ್ಟು ರಟ್ಟಾಯಿತು. ಸ್ಟೆಬಿಲೈಸರ್ ಇದ್ದಾಗ 1.4 ವೋಲ್ಟ್ ಅಲೆ, ಇಲ್ಲದಾಗ 6. ಮಾರನೆ ದಿನ ಮಧ್ಯಾಹ್ನ ಅದೇ ಜಾಗದಲ್ಲಿ 0.3.

ಮುಂದಿನ ಕೆಲಸ ಅಪಾಯದ್ದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಟ್ಯೂಬಿನ ತಲೆಯ ಮೇಲಿನ ರಬ್ಬರ್ ಟೋಪಿಯ ಕೆಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟು ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು. ಎಲ್ಲರೂ ಅದಕ್ಕೆ ಹೆದರುತ್ತಾರೆ, ಹೆದರಬೇಕಾದದ್ದೇ. ಆದರೆ ಜನ ಮರೆಯುವುದು ಇನ್ನೊಂದನ್ನು: ನಾವು ಹುಡುಕುತ್ತಿದ್ದ ಕೆಪಾಸಿಟರ್ ಇರುವ ಬದಿ ಗೋಡೆಯ ಕರೆಂಟಿಗೆ ನೇರ ಅಂಟಿಕೊಂಡಿದೆ, ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲ. ಅಲ್ಲಿ 300 ವೋಲ್ಟಿಗೂ ಹೆಚ್ಚಿನ ಡಿಸಿ ತುಂಬಿರುತ್ತದೆ. ಅಜ್ಜ ಪ್ಲಗ್ ಕಿತ್ತು ಕೈಗೆ ತೆಗೆದುಕೊಂಡರು, ಗೋಡೆಯಲ್ಲಿ ಬಿಡಲಿಲ್ಲ. ಹೋಲ್ಡರಿಗೆ ಕಟ್ಟಿದ 60 ವಾಟ್ ಬಲ್ಬಿನ ಎರಡು ವೈರನ್ನು ಕೆಪಾಸಿಟರ್ ಕಾಲಿಗೆ ಮುಟ್ಟಿಸಿ ಖಾಲಿ ಮಾಡಿದರು. ಆಮೇಲೆ ಮೀಟರ್ ಇಟ್ಟು ಸೊನ್ನೆ ನೋಡಿದ ಮೇಲೆ ಬೆರಳು ಹಾಕಿದರು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ನನಗಿತ್ತು, ಅವರ ಮುಂದೆ ಸುಮ್ಮನಿದ್ದೆ. ಟ್ಯೂಬ್ ಟೀವಿ ಬಿಚ್ಚಿ ಗೊತ್ತಿಲ್ಲದವರು ಈ ಭಾಗವನ್ನು ಗೊತ್ತಿರುವವರ ಕೈಯಲ್ಲೇ ಮಾಡಿಸಬೇಕು.

ಬಿಚ್ಚಿದ ಕೆಪಾಸಿಟರ್ ನೋಡಲು ಚೆನ್ನಾಗಿಯೇ ಇತ್ತು. ತಲೆ ಉಬ್ಬಿರಲಿಲ್ಲ, ಬುಡ ಸೋರಿರಲಿಲ್ಲ. ಮೇಲೆ 100 ಮೈಕ್ರೋಫ್ಯಾರಡ್, 400 ವೋಲ್ಟ್ ಎಂದಿತ್ತು. ಅಳೆದರೆ 22.

ಲೆಕ್ಕ ಹಾಕಿದರೆ ಸಂಜೆಯ ಕಥೆ ಪೂರ್ತಿ ತೆರೆದುಕೊಳ್ಳುತ್ತದೆ. ಪರದೆ ಸುಮಾರು 60 ವಾಟ್ ಎಳೆಯುತ್ತದೆ ಎನ್ನೋಣ. ಮಧ್ಯಾಹ್ನದ 228 ವೋಲ್ಟಿಗೆ ಕೆಪಾಸಿಟರ್ ತುಂಬುವುದು 322ರವರೆಗೆ. ಮುಂದಿನ ತುಂಬುವಿಕೆಗೆ ಸುಮಾರು 8 ಮಿಲಿಸೆಕೆಂಡ್ ಕಾಯಬೇಕು. ಅಷ್ಟರಲ್ಲಿ 22 ಮೈಕ್ರೋಫ್ಯಾರಡಿನ ಬಡ ಕೊಡ 250ಕ್ಕೆ ಇಳಿಯುತ್ತದೆ. ಎಸ್‌ಎಂಪಿಎಸ್‌ಗೆ ಇದು ನಡೆಯುತ್ತದೆ. ಸಂಜೆಯ 182ಕ್ಕೆ ತುಂಬುವುದೇ 257, ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ಖಾಲಿಯಾಗಿ ತಳ 160ರ ಹತ್ತಿರ. ಪ್ರತಿ ಅಲೆಯ ತಳದಲ್ಲೂ ಎಸ್‌ಎಂಪಿಎಸ್ ಒಂದು ಕ್ಷಣ ಕೈಚೆಲ್ಲುತ್ತದೆ, ಸೆಕೆಂಡಿಗೆ ನೂರು ಸಲ. ಅಷ್ಟು ಹೊತ್ತು ಚಿತ್ರದ ಅಗಲ ಕುಗ್ಗುತ್ತದೆ. ಕೆಪಾಸಿಟರ್ ಹೊಸದಾಗಿ 100 ಇದ್ದಿದ್ದರೆ ಅದೇ 182ಕ್ಕೆ ತಳ 235ರ ಸುತ್ತಮುತ್ತ ಇರುತ್ತಿತ್ತು. ಸ್ಟೆಬಿಲೈಸರ್ ಮಾಡಿದ್ದು ಸೋರುವ ಕೊಡಕ್ಕೆ ಹೆಚ್ಚು ನೀರು ಹೊಯ್ದದ್ದು ಮಾತ್ರ.

ಎರಡು ಸಲ ಕೊಂಡದ್ದು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಕೆಪಾಸಿಟರಿಗೆ ಬರಗಾಲವಿಲ್ಲ. ಮೊದಲು ತಂದದ್ದರ ಮೇಲೆ 100 ಮೈಕ್ರೋಫ್ಯಾರಡ್, 105 ಡಿಗ್ರಿ ಎಂದು ಠೀವಿಯಿಂದ ಬರೆದಿತ್ತು. ಬೆಸುಗೆಗೆ ಮೊದಲು ಅಳೆದರೆ 61. ಹಳೇ ಮಾಲಿಗೆ ಹೊಸ ಅಂಗಿ ತೊಡಿಸಿದ್ದರು. ಹಾಗೇ ಹಾಕಿಬಿಟ್ಟಿದ್ದರೆ ನಡುಕ ಆಗ ನಿಂತು ಮುಂದಿನ ಬೇಸಿಗೆಗೆ ಮತ್ತೆ ಬರುತ್ತಿತ್ತು, ನಾವು ಆಗಲೇ ಬದಲಿಸಿದ ಭಾಗವನ್ನು ಬಿಟ್ಟು ಬೇರೆಲ್ಲ ಕಡೆ ಹುಡುಕುತ್ತಿದ್ದೆವು. ಇನ್ನೊಂದು ಅಂಗಡಿಯಲ್ಲಿ, ಮೀಟರ್ ಹಿಡಿದು ನಿಂತು, 97 ತೋರಿಸಿದ್ದನ್ನು ಕೊಂಡೆ. ಈ ಸಲ 450 ವೋಲ್ಟಿನದು. ಕಾರಣ, ನಡುರಾತ್ರಿ ಊರು ಮಲಗಿದ ಮೇಲೆ ಅದೇ ಪ್ಲಗ್ಗಿನಲ್ಲಿ 252 ಬರುವುದನ್ನು ಅಳೆದಿದ್ದೆ. ಆಗ ಕೆಪಾಸಿಟರ್ ಮೇಲೆ ಬೀಳುವುದು 356. ಹಳೆಯದು ಒಣಗಿದ್ದರಲ್ಲಿ ಆಶ್ಚರ್ಯವಿಲ್ಲ. ಎತ್ತರ ಸ್ವಲ್ಪ ಹೆಚ್ಚಿತ್ತು, ಹೀಟ್‌ಸಿಂಕಿಗೆ ತಾಗದಂತೆ ಕೂರಿಸಬೇಕಾಯಿತು.

ಹಾಕಿದ ಮೇಲೆ ಮೊದಲ ಸಲ ಅಜ್ಜನ ಸೀರೀಸ್ ಲ್ಯಾಂಪ್ ಮೂಲಕವೇ, ಅಂದರೆ ಕರೆಂಟಿನ ದಾರಿಯಲ್ಲಿ ಒಂದು ಬಲ್ಬು ಸೇರಿಸಿ, ಕೊಟ್ಟೆವು. ಬಲ್ಬು ಒಮ್ಮೆ ಝಗ್ ಎಂದು ಮಂಕಾಯಿತು, ಶಾರ್ಟ್ ಇಲ್ಲ. ಆಮೇಲೆ ಅಜ್ಜ ಅಟ್ಟದಿಂದ ಇಳಿಸಿ ತಂದ ಡಿಮ್ಮರ್‌ಸ್ಟಾಟಿನಲ್ಲಿ ವೋಲ್ಟೇಜನ್ನು ನಾವೇ ಇಳಿಸುತ್ತ ಹೋದೆವು. 200, 190, 180. ಮುಸ್ತಫಾ ಅಲುಗಲಿಲ್ಲ. 165ಕ್ಕೆ ಬಂದಾಗ ಅಂಚಿನಲ್ಲಿ ಸಣ್ಣ ನಡುಕ ಕಂಡಿತು. ಅಷ್ಟು ಕೆಳಗೆ ಇಳಿದ ಮೇಲೆ ಈ ಟೀವಿಯನ್ನು ದೂರುವಂತಿಲ್ಲ.

ಈ ಡಿಮ್ಮರ್‌ಸ್ಟಾಟ್ ಮೊದಲ ಭಾನುವಾರವೇ ಕೈಯಲ್ಲಿದ್ದಿದ್ದರೆ ಮಧ್ಯಾಹ್ನ ಒಂದೂವರೆಗೇ ಸಂಜೆ ಏಳನ್ನು ತರಿಸಿಕೊಳ್ಳಬಹುದಿತ್ತು. ಅದು ಇಲ್ಲದವರು ಮಾಡಬಹುದಾದದ್ದು ಒಂದೇ: ದೋಷ ಕಾಣಿಸುವ ಹೊತ್ತಿಗೇ ಹೋಗಿ ಕೂರುವುದು, ಹೋದ ಕೂಡಲೇ ಗೋಡೆಯ ಪ್ಲಗ್ಗು ಅಳೆಯುವುದು. ಮನೆಯವರನ್ನು “ಏನಾಗಿದೆ” ಎಂದು ಕೇಳಿದ್ದೆ, “ಯಾವಾಗ ಆಗುತ್ತದೆ, ಆಗ ಮನೆಯಲ್ಲಿ ಇನ್ನೇನು ನಡೆಯುತ್ತಿರುತ್ತದೆ” ಎಂದು ಕೇಳಿರಲಿಲ್ಲ. ಕೇಳದಿದ್ದರೂ ಉತ್ತರ ಕೊಟ್ಟವಳು ಹನ್ನೊಂದು ವರ್ಷದವಳು. ಇನ್ನು ಪಾಲ್ ಡಿವಿಡಿಯ ಪರೀಕ್ಷೆಗೆ ಖರ್ಚೇ ಇಲ್ಲ. ಎವಿ ಸಾಕೆಟ್ ಉಳಿದಿರುವ ಯಾವುದೇ ಟೀವಿ ಚಾಸಿಯ ಪೆಟ್ಟಿಗೆಯಲ್ಲಿ ನಡುಕ ಕಂಡರೆ ನಾನೀಗ ಮೊದಲು ಮಾಡುವುದು ಅದನ್ನೇ. 50ರ ಚಿತ್ರದಲ್ಲೂ ನಡುಗಿದರೆ ಬೇರೆ ಕಡೆ ನೋಡಬೇಕು. ನಿಂತ ಬಾಗಾಗಿ ಬದಲಾದರೆ ಸಪ್ಲೈ.

ಉಳಿದ ಕಲೆ

ನೇರಳೆ ಕಲೆಯದ್ದು ಸಣ್ಣ ಕಥೆ. ಹರಿದುಹೋಗಿದ್ದ ಹಳೇ ಸ್ಪೀಕರಿನ ಜಾಗಕ್ಕೆ ಬಡಗಿ ಕಾರಿನ ದೊಡ್ಡ ಸ್ಪೀಕರ್ ಕೂರಿಸಿದ್ದ, ಟ್ಯೂಬಿನ ಎಡಮೂಲೆಗೆ ಗೇಣು ದೂರದಲ್ಲಿ. ಅದರ ಅಯಸ್ಕಾಂತ ಟ್ಯೂಬಿನೊಳಗಿನ ಲೋಹದ ಜಾಲರಿಯನ್ನೂ ಅಯಸ್ಕಾಂತ ಮಾಡಿಬಿಟ್ಟಿತ್ತು. ಸ್ಪೀಕರನ್ನು ಕೆಳಗಿನ ನಾಣ್ಯದ ಬಾಗಿಲ ಹತ್ತಿರಕ್ಕೆ ಸರಿಸಿದ ಮೇಲೂ ಕಲೆ ಉಳಿದದ್ದಕ್ಕೆ ಇದೇ ಕಾರಣ. ಟೀವಿ ಹಚ್ಚಿದಾಗ ಜಾಲರಿಯನ್ನು ಶುದ್ಧ ಮಾಡಬೇಕಾದ ಡಿಗಾಸ್ ಸುರುಳಿಯ ಕನೆಕ್ಟರನ್ನು ಯಾರೋ ಕಿತ್ತು ಟೇಪು ಸುತ್ತಿ ಬಿಟ್ಟಿದ್ದರು. ಬಿಸಿಯಾದ ಕೂಡಲೇ ಆ ಸುರುಳಿಯ ಕರೆಂಟನ್ನು ತಡೆಯುವ ಪೋಸಿಸ್ಟರ್ ಚೆನ್ನಾಗಿದೆಯೇ ಎಂದು ನೋಡಿ ಕನೆಕ್ಟರ್ ಹಾಕಿದೆವು. ಸ್ವಿಚ್ ಒತ್ತಿದಾಗ ‘ಧುಂ’ ಎಂಬ ಸದ್ದು, ಚಿತ್ರ ಒಮ್ಮೆ ಕಲಕಿ ನಿಂತಿತು. ಕಲೆ ಅರ್ಧ ಹೋಗಿತ್ತು. ಪೋಸಿಸ್ಟರ್ ಆರುವ ತನಕ ಮತ್ತೆ ಕೆಲಸ ಮಾಡುವುದಿಲ್ಲವಾದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಆರಿಸಿ ಹಚ್ಚಿ, ನಾಲ್ಕನೇ ಸಲಕ್ಕೆ ಪೂರ್ತಿ ಹೋಯಿತು. ಆ ಬಿಡುವಿನಲ್ಲಿ ಅಜ್ಜನಿಗೆ ಮಂಡಕ್ಕಿ ಮೆಣಸಿನಕಾಯಿ ಬಂತು.

ಸ್ಟೆಬಿಲೈಸರ್ ಕೆಳಗೆ ಫ್ರಿಜ್ಜಿಗೆ ವಾಪಸಾಗಿದೆ. ಹಿಂಬದಿ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿ ಬಂದೆ, ಮುಂದೆ ಬಿಚ್ಚುವವರಿಗೆಂದು. ಬೋರ್ಡಿನಲ್ಲಿ 4.97, ಬಿ ಪ್ಲಸ್ 110, ಅದರ ಅಲೆ 0.4. ಮೇಷ್ಟ್ರು ಓದಿ ನೋಡಿ, ಪೆನ್ನು ಇಸಿದುಕೊಂಡು, ಕೆಳಗೆ ತಾವೇ ಒಂದು ಸಾಲು ಸೇರಿಸಿದರು: “ಸಂಜೆ 7.20ಕ್ಕೆ, ಪಕ್ಕದವರ ಮೋಟಾರ್ ಓಡುವಾಗ ಅಳೆದದ್ದು.”